ಕರಿಗುಡ್ಡ ಬ್ಯಾಂಡಿನ ಬಗ್ಗೆ ಕೇಳುಗರು ಹೇಳಿದ್ದು

ಮೊಟ್ಟೆಯ ಟ್ರೇ ಮಳೆಗೆ ನೆನೆದರೆ ಒಂದು ವಾಸನೆ ಬರುತ್ತದೆ. ಕೊಳೆತ ಪೇಪರಿನದು ಅರ್ಧ, ಕೋಳಿಯದು ಅರ್ಧ. ಹಿರಿಯೂರಿನಲ್ಲಿ ನಮ್ಮ ಮನೆಯ ಎದುರಿನ ಅಂಗಡಿಯವನು ಮೊನ್ನೆ ಖಾಲಿ ಟ್ರೇಗಳನ್ನು ಹೊರಗೇ ಬಿಟ್ಟು ಊಟಕ್ಕೆ ಹೋಗಿದ್ದ. ಮಳೆ ಬಂತು. ಕೊತ್ತಂಬರಿ ತರಲು ಹೋದ ನಾನು ಆ ವಾಸನೆಗೆ ನಿಂತಲ್ಲೇ ನಿಂತೆ. ಅಂಗಡಿಯವನ ಹೆಂಡತಿ "ಏನ್ ಬೇಕಿತ್ತಕ್ಕ?" ಎಂದು ಎರಡೆರಡು ಸಲ ಕೇಳಿದಳು. ಏನೂ ಬೇಡವೆಂದು ವಾಪಸು ಬಂದೆ. ಆ ದಿನದ ಸಾರು ಸಪ್ಪೆಯಾಯಿತು, ಉಂಡವರ ಮುಖವೂ ಹಾಗೇ ಆಯಿತು.

ನೆನಪಾದದ್ದು ಚಳ್ಳಕೆರೆಯ ಒಂದು ಮಳೆಗಾಲ. ಕೊರೊನಾದ ಎರಡನೇ ಅಲೆ ಬಂದು ಹೋದ ಮಾರನೇ ವರ್ಷ. ಅಲ್ಲಿ ಒಂದು ಸಂಸ್ಥೆಯವರು ನಡೆಸುತ್ತಿದ್ದ ಪುಟ್ಟ ರೇಡಿಯೋದಲ್ಲಿ ಆಗ ನನಗೆ ಕೆಲಸ. ಎಣ್ಣೆ ಮಿಲ್ಲಿನ ಹಿಂದಿದ್ದ ಹಳೇ ಗೋದಾಮಿನ ಒಂದು ಕೋಣೆಗೆ ಮೇಲೆ ಕೆಳಗೆ ಮೊಟ್ಟೆ ಟ್ರೇ ಅಂಟಿಸಿ ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದೆವು. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ಈ ಏರ್ಪಾಡು. ನಮ್ಮ ಪ್ರಸಾರ ಸುತ್ತಲಿನ ಕೆಲವು ಹಳ್ಳಿ ಮುಟ್ಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಅದರಾಚೆಯವರು ಬೇಕೆನಿಸಿದ್ದನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಕೇಳುತ್ತಿದ್ದರು.

ನನ್ನ ಕೆಲಸ ಹಾಡುವುದಲ್ಲ, ಹಾಡಿಸುವುದೂ ಅಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕೇಳುಗರಿಗೆ ಫೋನ್ ಮಾಡಿ "ಹೇಗಿತ್ತು?" ಎಂದು ಕೇಳಿ, ಅವರು ಹೇಳಿದ್ದನ್ನು ಭಾನುವಾರದ ಪ್ರಸಾರಕ್ಕೆ ಕೊಡುವುದು. ನಮ್ಮ ಜನಕ್ಕೆ ಅಭಿಪ್ರಾಯ ಕೇಳಿದರೆ ಭಯ, ಕೇಳದಿದ್ದರೆ ಕೋಪ. ಶೇಂಗಾ ರೋಗದ ಬಗ್ಗೆ ಮಾತಾಡಿದರೂ "ಚೆನ್ನಾಗಿತ್ತು ಮೇಡಂ", ದೇವರ ನಾಮ ಹಾಕಿದರೂ "ಚೆನ್ನಾಗಿತ್ತು ಮೇಡಂ". ಈ ಎರಡು ಪದ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು.

ಜೂನಿನಲ್ಲಿ ಇಮ್ರಾನ್ ಬಂದ. ಬಸ್‌ಸ್ಟ್ಯಾಂಡಿನ ಹಿಂದೆ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಅವನದು. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ಮೋಟಾರು ಕೆಲಸಕ್ಕೆ ಹೋದಾಗ, ತರಬೇತಿಗೆಂದು ಬಂದಿದ್ದ ಹುಡುಗನೊಬ್ಬ ಅವನಿಗೆ ಗೋಥಿಕ್ ರಾಕ್ ಎಂಬ ಸಂಗೀತವನ್ನು ಕೇಳಿಸಿದ್ದನಂತೆ. ಊರು ಬಿಡುವಾಗ ತನ್ನ ಗಿಟಾರನ್ನೂ ಇವನಿಗೇ ಕೊಟ್ಟು ಹೋಗಿದ್ದ. ಈಗ ಇವನು ಕಪ್ಪು ಅಂಗಿ ತೊಟ್ಟು, ಕಣ್ಣಿಗೆ ಸುರ್ಮಾ ಹಚ್ಚಿಕೊಂಡು, ತನ್ನದೊಂದು ಬ್ಯಾಂಡ್ ಇದೆ, ಹೆಸರು ಕರಿಗುಡ್ಡ, ರೇಡಿಯೋದಲ್ಲಿ ಲೈವ್ ಹಾಡಲು ಜಾಗ ಕೊಡಿ ಎಂದು ನಿಂತಿದ್ದ.

"ಅದೇನಪ್ಪ ಅದು ಗೋಥಿಕ್ಕು?" ಎಂದೆ.

"ಆಪಾ, ಕತ್ತಲೇನ ಕತ್ತಲೆ ಅಂತಾನೇ ಹಾಡೋದು. ಬೆಳಕು ಬರ್ತದೆ ಅಂತ ಸುಳ್ಳು ಹೇಳಲ್ಲ," ಎಂದ. ಅಷ್ಟು ಹೊತ್ತು ಅವನ ಸುರ್ಮಾ ನೋಡಿ ನಗು ತಡೆದುಕೊಂಡಿದ್ದ ನನಗೆ ಆ ಮಾತು ಹಿಡಿಸಿತು.

ಬ್ಯಾಂಡು ಎಂದರೆ ಮೂರು ಜನ. ಹಾಡುವವಳು ಪದ್ಮಾವತಿ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಹುಡುಗಿ, ಮನೆಮಾತು ತೆಲುಗು. ಅವರ ಬೀದಿಯ ನೀರಿನ ಮೋಟಾರು ಕೆಟ್ಟಾಗ ಹೋಗಿದ್ದ ಇಮ್ರಾನ್, ಮಗ್ಗದ ಸದ್ದಿನ ಒಳಗಿಂದ ಬರುತ್ತಿದ್ದ ಅವಳ ದನಿ ಕೇಳಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟನಂತೆ. ದಪ್ಪ ದನಿ, ಬಾವಿಯೊಳಗಿಂದ ಬಂದ ಹಾಗೆ. ಶಾಲೆಯಲ್ಲಿ ಪ್ರಾರ್ಥನೆಗೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ "ನೀನು ಬರೀ ಬಾಯಿ ಆಡಿಸು" ಎಂದಿದ್ದರು ಎಂದು ಅವಳೇ ನಗುತ್ತಾ ಹೇಳಿದ್ದಳು. ತಂದೆ ಇರಲಿಲ್ಲ. ಅಣ್ಣ, ಅತ್ತಿಗೆ, ತಾಯಿ ಎಲ್ಲರೂ ಮಗ್ಗದವರೇ. ತಾಯಿ ವೆಂಕಟಲಕ್ಷ್ಮಮ್ಮ ವಾರಕ್ಕೊಂದು ದಿನ ಮಗ್ಗದಿಂದ ಬಿಡುವು ಕೊಟ್ಟು ಒಂದು ಮಾತು ಹೇಳಿದ್ದರು: ದೀಪಾವಳಿ ತನಕ ಹಾಡು. ಜನ ಒಪ್ಪಿದರೆ ಮುಂದುವರಿಸು, ಒಪ್ಪದಿದ್ದರೆ ಬಾಯಿ ಮುಚ್ಚಿಕೊಂಡು ಮಗ್ಗಕ್ಕೆ ಕೂರು. ಹಾಗಾಗಿ ಆ ವರ್ಷ ನನ್ನ ಫೋನ್ ಕರೆಗಳ ಮೇಲೆ ಒಬ್ಬಳ ಬದುಕು ನಿಂತಿತ್ತು.

ಮೂರನೆಯವನು ಪಾಲಯ್ಯಜ್ಜ. ಮ್ಯಾಸನಾಯಕರ ಪೈಕಿ, ಉರುಮೆ ಬಾರಿಸುವವನು. ಇಮ್ರಾನ್ ಅವನ ಹೊಲದ ಮೋಟಾರಿಗೆ ಬೇಕಾದವನಾದ್ದರಿಂದ ಇಲ್ಲವೆನ್ನಲಾಗದೆ ಬಂದಿದ್ದ. ಮೊದಲ ದಿನ ಸ್ಟುಡಿಯೋದ ಬಾಗಿಲಲ್ಲೇ ನಿಂತುಬಿಟ್ಟ. ಅವರಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಹಳಬರು ಮೊಟ್ಟೆ ಇದ್ದ ಕಡೆ ಕಾಲೂ ಇಡುವುದಿಲ್ಲ.

"ಇದೇನವ್ವ, ಕೋಳಿಗೂಡಿಗೆ ಕರ್ಕಂಡು ಬಂದೀಯ?" ಎಂದ.

"ಮೊಟ್ಟೆ ಎಲ್ಲೈತೆ ಅಜ್ಜ, ಬರೀ ರಟ್ಟು."

"ಮೊಟ್ಟೆ ಕುಂತಿದ್ದ ಜಾಗ ತಾನೆ. ನಾನು ಹೊರಗೇ ಕುಂದ್ರತೀನಿ ಬಿಡು. ಕೇಳೋರೂ ಹೊರಗಿನೋರೇ ಅಲ್ವಾ?"

ಕೊನೆಗೆ ಮೈಕಿನ ವೈರನ್ನು ಕಿಟಕಿಯಿಂದ ಹೊರಗೆಳೆದು ವರಾಂಡದಲ್ಲಿ ಅವನ ಮುಂದೆ ಇಟ್ಟೆವು. ಒಳಗೆ ಪದ್ಮಾವತಿ, ಗಿಟಾರು. ಹೊರಗೆ ಉರುಮೆ. ಅದರ ಜೊತೆಗೆ ಮಿಲ್ಲಿನ ಗುಂಯ್ ಸದ್ದು, ದಾರಿಯಲ್ಲಿ ಹೋಗುವ ಟ್ರ್ಯಾಕ್ಟರು, ಹೆಂಚಿನ ಮೇಲಿನ ಮಳೆ. ಹೆಡ್‌ಫೋನಿನಲ್ಲಿ ಕೇಳಿದರೆ ಉರುಮೆ ಎಲ್ಲೋ ಮುಂದಿನ ಊರಿನಿಂದ ನಡೆದು ಬರುತ್ತಿದೆ ಅನ್ನಿಸುತ್ತಿತ್ತು. ಬೇಕೆಂದು ಮಾಡಿದ್ದರೆ ಹಾಗೆ ಬರುತ್ತಿರಲಿಲ್ಲ.

ಪದ್ಮಾವತಿಯ ಹಾಡು ಅವಳೇ ಕಟ್ಟಿದ್ದು. ಅವರ ಮನೆಯದು ಗುಂಡಿ ಮಗ್ಗ. ಕಾಲನ್ನು ನೆಲದೊಳಗೆ ಇಳಿಬಿಟ್ಟು ದಿನವಿಡೀ ಕೂರಬೇಕು. "ಸೊಂಟದ ಕೆಳಗೆ ಮಣ್ಣಿನವಳು ನಾನು, ಕೈ ಎರಡೇ ಮದುವೆಗೆ ಹೋಗುತ್ತವೆ" ಎಂದು ಹಾಡು ಶುರುವಾಗುತ್ತಿತ್ತು. ಅವಳು ನೇಯ್ದ ಸೀರೆ ಉಟ್ಟವರ ಮದುವೆಯನ್ನು ಅವಳು ಒಂದೂ ಕಂಡಿರಲಿಲ್ಲ. ನಾನು ಸಂಗೀತ ತಿಳಿದವಳಲ್ಲ. ಆದರೆ ಆ ಮೊದಲ ದಿನ ಹೆಡ್‌ಫೋನ್ ತೆಗೆದಿಟ್ಟು ವರಾಂಡಕ್ಕೆ ಹೋಗಿ ನಿಂತೆ. ನನ್ನನ್ನೂ ಯಾರೋ ಸೊಂಟದ ತನಕ ಹೂತಿದ್ದಾರೆ ಎಂದು ಅವತ್ತೇ ಗೊತ್ತಾದದ್ದು.

ಕೇಳುಗರಿಗೆ ಗೊತ್ತಾದದ್ದು ಬೇರೆ. ಎಣ್ಣೆ ಮಿಲ್ಲಿನ ಗುಮಾಸ್ತರು ಫೋನ್ ಎತ್ತಿದವರೇ "ಯಾವ ದೊಡ್ಡೋರು ಹೋದ್ರು ಮೇಡಂ? ನಾಳೆ ರಜೆ ಐತಾ?" ಎಂದರು. ದೊಡ್ಡ ನಾಯಕರು ಸತ್ತಾಗ ರೇಡಿಯೋದಲ್ಲಿ ದಿನವಿಡೀ ಶೋಕದ ವಾದ್ಯ ಕೇಳಿದ ಕಿವಿಗಳು ಅವು. ಬಟ್ಟೆ ಅಂಗಡಿಯ ಚಾಚಾ ಒಬ್ಬರು "ಬೇಟಿ, ಗಿರಾಕಿ ಬರೋ ಟೈಮಿಗೆ ಇದು ಹಾಕಬ್ಯಾಡ್ರಿ, ಅಂಗಡಿಗೆ ನಜರ್ ಆಗ್ತದೆ, ದೃಷ್ಟಿ ಬೀಳ್ತದೆ" ಎಂದರು. ಕುರಿ ಕಾಯುವವನೊಬ್ಬ "ಕುರಿಗಳು ಸುಮ್ನೆ ನಿಂತು ಕೇಳಿದ್ವು, ನಂಗೆ ಮಾತ್ರ ಏನೂ ಗೊತ್ತಾಗಲಿಲ್ಲ" ಎಂದ. ಅವನೊಬ್ಬನ ಮೇಲೆ ನನಗೆ ಗೌರವ ಮೂಡಿತು.

"ಏನಂದ್ರು ಸುಜಾತಕ್ಕ?" ಪದ್ಮಾವತಿ ಬಸ್ಸಿಗೆ ಹೊರಡುವ ಮೊದಲು ಕೇಳಿದಳು. ಮುಚ್ಚಿಡದೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಚಪ್ಪಲಿ ಮೆಟ್ಟುತ್ತಾ, "ಹಾಡಾಗೆ ಏನೈತೆ ಅಂತ ಯಾರೂ ಕೇಳಲಿಲ್ವಾ?" ಎಂದಳು. ಇಲ್ಲ ಎಂದೆ. "ಹೋಗಲಿ ಬಿಡು. ಇನ್ನೂ ದೀಪಾವಳಿ ದೂರ ಐತೆ," ಎಂದು ಕೊಡೆ ಬಿಚ್ಚಿದಳು.

ಆ ವರ್ಷ ನಮ್ಮ ಕಡೆ ಮಳೆ ಎಂದರೆ ಮಳೆ. ಮೋಡ ಕಂಡರೆ ಕೈ ಮುಗಿಯುತ್ತಿದ್ದ ಜನ ಸಾಕಪ್ಪಾ ಎಂದು ಬಾಗಿಲು ಹಾಕಿಕೊಂಡರು. ವೇದಾವತಿ ಹರಿಯಿತು, ಪರಶುರಾಂಪುರದ ಕಡೆ ಈರುಳ್ಳಿ ಹೊಲದಲ್ಲೇ ಕೊಳೆಯಿತು. ನಮ್ಮ ಹೆಂಚು ಸೋರಿ ಸ್ಟುಡಿಯೋದ ಟ್ರೇಗಳು ಉಬ್ಬಿ ವಾಸನೆ ಎದ್ದಿತು. ಆ ವಾಸನೆಯಲ್ಲೇ ಕೂತು ಶ್ರಾವಣದ ಹೊತ್ತಿಗೆ ನಾನು ಪರಶುರಾಂಪುರ ರಸ್ತೆಯ ಹಳ್ಳಿಯೊಂದಕ್ಕೆ ಫೋನ್ ಮಾಡಿದೆ. ತಿಪ್ಪಮ್ಮ ಎಂಬ ಮುದುಕಿ ಎತ್ತಿದಳು.

"ಹುಡುಗಿ ಬಲು ಚೆನ್ನಾಗಿ ಅಳ್ತಾಳೆ ಕಣವ್ವ. ಆದ್ರೆ ಯಾರಿಗೆ ಅಳ್ತಾಳೆ? ಹೆಸರೇ ಹೇಳಲ್ವಲ್ಲ."

"ಅಮ್ಮ, ಅದು ಅಳು ಅಲ್ಲ, ಹಾಡು."

"ನಾನೆಷ್ಟು ಸಾವು ನೋಡೀನಿ, ನಂಗೆ ಹೇಳ್ತೀಯಾ ನೀನು?"

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರ ಹೆಸರು ಹಿಡಿದು, ಅವರು ಮಾಡಿದ್ದು, ಉಂಡದ್ದು, ಅರ್ಧಕ್ಕೆ ಬಿಟ್ಟು ಹೋದದ್ದು ಎಲ್ಲವನ್ನೂ ಹೇಳಿಕೊಂಡು ಅಳುತ್ತಾರೆ. ಆ ಅಳುವಿಗೆ ಹೆಸರು ಇರಲೇಬೇಕು. ಹೆಸರಿಲ್ಲದೆ ಅತ್ತರೆ ಆ ಅಳು ತನಗೊಂದು ಮನೆ ಹುಡುಕಿಕೊಂಡು ಹೊರಡುತ್ತದೆ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ತಿಪ್ಪಮ್ಮನ ತಕರಾರು ಅದೇ ಇರಬೇಕು ಎಂದುಕೊಂಡೆ. ಆದರೆ ಅವಳು ದನಿ ತಗ್ಗಿಸಿ ಬೇರೆಯದನ್ನೇ ಹೇಳಿದಳು.

"ನಮ್ಮನೆಯೋರು ಕೊರೊನಾದಾಗ ಹೋದ್ರು. ಪ್ಲಾಸ್ಟಿಕ್ಕಿನಾಗೆ ಸುತ್ತಿ ಒಯ್ದರು, ಮುಖ ತೋರಿಸಲಿಲ್ಲ. ದೂರ ನಿಲ್ಲು ಅಂದ್ರು, ಬಾಯಿಬಿಟ್ಟು ಅಳಾಕೂ ಆಗಲಿಲ್ಲ. ಈಗ ಅತ್ತರೆ ಸೊಸೆ ಬೈತಾಳೆ, ವರ್ಷದ ಮೇಲೆ ಏನು ನಿಂದು ಅಂತ. ಆ ಹುಡುಗೀಗೆ ಹೇಳವ್ವ, ನಮ್ಮೋರ ಹೆಸರು ಹಾಕಿ ಒಂದ್ಸಲ ಅಳ್ಲಿ. ಬೋರಯ್ಯ ಅಂತ."

ನಾನು ಸುಲಭಕ್ಕೆ ಕರಗುವವಳಲ್ಲ. ಆದರೂ ಆ ಮುದುಕಿಗೆ ಹೇಳಿ ನೋಡುತ್ತೇನೆ ಎಂದುಬಿಟ್ಟೆ.

ಪದ್ಮಾವತಿಗೆ ಹೇಳಿದಾಗ ಅವಳ ಮುಖ ಬಿಗಿದುಕೊಂಡಿತು. "ನಾನು ಸತ್ತೋರ ಮೇಲೆ ಹಾಡಿಲ್ಲ ಅಕ್ಕ. ಬದುಕಿರೋಳ ಮೇಲೆ ಹಾಡಿದ್ದು."

ಇಮ್ರಾನ್ ತಂತಿ ಬಿಗಿ ಮಾಡುತ್ತಾ, "ಒಂದ್ಸಲ ಹೇಳಿಬಿಡು ಪದ್ದು. ಪಾಪ ಮುದುಕಿ. ಹೆಸರು ಹೇಳಿದ್ರೆ ನಿನ್ ಹಾಡೇನು ಎದ್ದು ಹೋಗ್ತದಾ?" ಎಂದ.

ಅವಳು ಹೇಳಿದಳು. ಹಾಡನ್ನು ಎಲ್ಲೂ ನಿಲ್ಲಿಸದೆ, ಅದರ ನಡುವೆಯೇ ಮೆಲ್ಲಗೆ, ಬೋರಯ್ಯಾ ಎಂದು ಕರೆದಳು. ಮಳೆಗೆ ಉರುಮೆಯ ಚರ್ಮ ಸಡಿಲವಾಗಿ ಸದ್ದು ಇನ್ನಷ್ಟು ಕೆಳಕ್ಕಿಳಿದಿತ್ತು. ಮುಗಿದ ಮೇಲೆ ತಿಪ್ಪಮ್ಮನಿಗೆ ಫೋನ್ ಮಾಡಿದೆ. ಅವಳು ಅಳುತ್ತಲೇ ಇದ್ದಳು. ನಾನು ಫೋನ್ ಇಡಲಾಗದೆ ಹಿಡಿದುಕೊಂಡೇ ಕೂತಿದ್ದೆ. ಅದನ್ನು ಪ್ರಸಾರಕ್ಕೆ ಕೊಡಲಿಲ್ಲ.

ಮಾರನೇ ದಿನದಿಂದ ನಾನು ಯಾರಿಗೂ ಫೋನ್ ಮಾಡಬೇಕಾಗಲಿಲ್ಲ, ಜನರೇ ಮಾಡಿದರು. ಗಂಡ, ಹೆಂಡತಿ, ಬಸುರಿ ಮಗಳು, ಗದ್ದುಗೆಯ ಮುಂದೆ ನಗಾರಿ ಬಾರಿಸುತ್ತಿದ್ದ ತಮ್ಮ, ದರ್ಗಾದ ಹತ್ತಿರ ಪಂಕ್ಚರ್ ಹಾಕುತ್ತಿದ್ದ ಅಬ್ಬಾ. ಎಲ್ಲರೂ ಕೊರೊನಾದ ವರ್ಷ ಹೋದವರು, ಎಲ್ಲರೂ ಬಾಯಿಬಿಟ್ಟು ಅಳುವವರಿಲ್ಲದೆ ಹೋದವರು. ಇಷ್ಟು ಜನ ಅಳು ನುಂಗಿಕೊಂಡು ಶೇಂಗಾ ಬಿತ್ತುತ್ತಿದ್ದರು, ಅಂಗಡಿ ತೆರೆಯುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮ್ಯಾನೇಜರಂತೂ "ಸುಜಾತಾ ಅವರೇ, ಇಂಥ ಸ್ಪಂದನೆ ನಮಗೆ ಯಾವತ್ತೂ ಬಂದಿರಲಿಲ್ಲ" ಎಂದು ಖುಷಿಯಾಗಿ ಓಡಾಡಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮೊದಲು ಬಿಟ್ಟು ಹೋದವನು ಪಾಲಯ್ಯಜ್ಜ. ಒಂದು ದಿನ ಉರುಮೆಯನ್ನು ಟವೆಲಿನಲ್ಲಿ ಸುತ್ತಿ ವರಾಂಡದಲ್ಲಿ ನಿಂತಿದ್ದ. "ಇದು ದೇವರ ಮುಂದೆ ಬಾರಿಸೋದವ್ವ. ಹಾಡು ಅಂದ್ರಿ, ಬಾರಿಸ್ದೆ. ಈಗ ನೋಡಿದ್ರೆ ಅದರ ಮುಂದೆ ಹೆಣ ತಂದು ಮಲಗಿಸೀರಿ. ನಮ್ಮ ಮನೆತನದಾಗೆ ಅದು ನಡೆಯಲ್ಲ." ಪದ್ಮಾವತಿ ಅವನ ಕಾಲಿಗೆ ನಮಸ್ಕಾರ ಮಾಡಿದಳು. ಅವನು ಅವಳ ತಲೆ ಮುಟ್ಟಿ, "ನಿಂದೇನೂ ತಪ್ಪಿಲ್ಲ ಕೂಸೇ," ಎಂದು ಮಳೆಯಲ್ಲೇ ಹೊರಟ.

ಆಮೇಲೆ ಗಿಟಾರು. "ಆ ತಂತಿ ಗುಂಯ್‌ಗುಡದು ಬ್ಯಾಡ, ಹೆಸರು ಕೇಳ್ಸಲ್ಲ" ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಮ್ಯಾನೇಜರು ಮೊದಲು ಸದ್ದು ತಗ್ಗಿಸಿ ಎಂದರು, ಆಮೇಲೆ ನಿಲ್ಲಿಸಿಯೇಬಿಡಿ ಎಂದರು. ಇಮ್ರಾನ್ ಜಗಳವಾಡಲಿಲ್ಲ. "ಆಪಾ, ಕತ್ತಲೆಗೂ ಗಿರಾಕಿ ಸಿಕ್ಕಿಬಿಟ್ರು. ನನ್ ಕೆಲಸ ಮುಗೀತು," ಎಂದು ಗಿಟಾರನ್ನು ಹೆಗಲಿಗೇರಿಸಿದ. ಬಾವಿಗಳೆಲ್ಲ ತುಂಬಿ ಮುಳುಗಿದ ಮೋಟಾರುಗಳು ಅವನ ಅಂಗಡಿ ಮುಂದೆ ಸಾಲಾಗಿ ಬಿದ್ದಿದ್ದವು.

ಉಬ್ಬಿದ ರಟ್ಟಿನ ಕೋಣೆಯಲ್ಲಿ ಪದ್ಮಾವತಿ ಒಬ್ಬಳೇ ಉಳಿದಳು. ಯಾಕೆ ಬರುತ್ತಿದ್ದಳು ಎಂದರೆ, ಹೆಸರುಗಳೆಲ್ಲ ಮುಗಿದ ಮೇಲೆ ನಿನ್ನ ಹಾಡು ಎಂದು ಮ್ಯಾನೇಜರು ಹೇಳಿದ್ದರು. ಪ್ರತಿ ವಾರ ಅವಳು ಹೆಸರು ಹಿಡಿದು ಅಳುತ್ತಿದ್ದಳು. ಪ್ರತಿ ವಾರ ಹೆಸರು ಮುಗಿಯುವ ಮೊದಲೇ ಹೊತ್ತು ಮುಗಿಯುತ್ತಿತ್ತು. "ಮುಂದಿನ ವಾರ" ಎಂದು ಮ್ಯಾನೇಜರು ಗಾಜಿನಾಚೆಯಿಂದ ಕೈ ಸನ್ನೆ ಮಾಡುತ್ತಿದ್ದರು. ಹೆಸರುಗಳು ಮುಗಿಯುತ್ತವೆ ಎಂದು ನಂಬಿದ್ದವಳು ಅವಳೊಬ್ಬಳೇ.

ದೀಪಾವಳಿ ಹತ್ತಿರ ಬಂದಾಗ ಒಂದು ವಾರ ಅವಳು ಬರಲಿಲ್ಲ. ಫೋನೂ ಎತ್ತಲಿಲ್ಲ. ನಾನು ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಜಿಟಿಜಿಟಿ ಮಳೆ, ಗುಡ್ಡದ ಬಂಡೆಗಳೆಲ್ಲ ತೊಳೆದು ಕಪ್ಪಗಾಗಿದ್ದವು. ನೇಕಾರರ ಬೀದಿಗೆ ಕಾಲಿಟ್ಟರೆ ಎರಡೂ ಕಡೆಯಿಂದ ಮಗ್ಗದ ಸದ್ದು. ಪದ್ಮಾವತಿ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಮಗ್ಗದ ಮೇಲೆ ಅರಿಶಿನ ಬಣ್ಣದ ಸೀರೆ ಅರ್ಧ ಆಗಿತ್ತು. ನನ್ನನ್ನು ನೋಡಿ ನಕ್ಕಳು, ಕೈ ನಿಲ್ಲಿಸಲಿಲ್ಲ.

ವೆಂಕಟಲಕ್ಷ್ಮಮ್ಮ ಕೆಮ್ಮುತ್ತಾ ಬಂದು ನನಗೆ ಚಾಪೆ ಹಾಸಿದರು. "ಜನ ಒಪ್ಪಿದ್ರಂತಲ್ಲಮ್ಮ. ನಾನು ಆಡಿದ ಮಾತಿಗೆ ತಪ್ಪೋಳಲ್ಲ. ಹೋಗಿ ಹಾಡಲಿ, ಬ್ಯಾಡ ಅನ್ನಲ್ಲ. ಇವಳೇ ಒಲ್ಲೆ ಅಂತಾಳೆ, ನೀನಾದ್ರೂ ಹೇಳು."

"ಚಾಲಮ್ಮಾ," ಎಂದಳು ಪದ್ಮಾವತಿ, ಸಾಕು ಎಂದು. ತಾಯಿ ಒಳಗೆ ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಮೊದ್ಲು ನೇಯ್ತಾ ಗುನುಗ್ತಿದ್ದೆ ಅಕ್ಕ, ಯಾರೂ ಏನೂ ಅನ್ನುತ್ತಿರಲಿಲ್ಲ. ಈಗ ಬಾಯಿ ತೆಗೆದ್ರೆ ಪಕ್ಕದ ಮನೆಯೋರು ಬಾಗಿಲು ಹಾಕ್ತಾರೆ. ಮದುವೆ ಸೀರೆ ನೇಯೋ ಬೀದಿ ಇದು, ಬೆಳಗಾಗೆದ್ದು ಸಾವಿನ ದನಿ ಬ್ಯಾಡ ಕಣೇ ಅಂತಾರೆ. ಮೆತ್ತಗೇ ಅಂತಾರೆ, ಕೈ ಹಿಡ್ಕಂಡು ಅಂತಾರೆ. ಬೈದ್ರೆ ನಾನೂ ಬೈತಿದ್ದೆ."

"ನಿನ್ನ ಮೊದಲ್ನೇ ಹಾಡು ಅವರಿಗೆ ಕೇಳಿಸೋಣ. ನಾನೇ ಕೇಳಿಸ್ತೀನಿ," ಎಂದೆ.

"ಕೇಳಿಸಿ? ಹೆಂಗಿತ್ತು ಅಂತ ಕೇಳ್ತೀಯಾ? ಚೆನ್ನಾಗಿತ್ತು ಅಂತಾರೆ. ಚೆನ್ನಾಗಿ ಅಳ್ತೀಯ ಅಂತಾರೆ." ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು. "ಇನ್ನ ಯಾರನ್ನೂ ಏನೂ ಕೇಳಬ್ಯಾಡ ಅಕ್ಕ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಅತ್ತೆ. ಯಾವ ಹೆಸರೂ ಹಿಡಿಯದೆ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರು ಹೋದರವ್ವ ಎಂದು ಕೇಳಿದಳು.

ಮೊದಲನೇ ಹಾಡನ್ನು ಹುಡುಕಿದರೆ ಅದು ಇರಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹಳೆಯ ರೆಕಾರ್ಡಿಂಗುಗಳನ್ನು ಅಳಿಸಿದ್ದರು. ಅಳುವಿನದನ್ನು ಮಾತ್ರ ಉಳಿಸಿಕೊಂಡಿದ್ದರು. ಕೇಳುವವರು ಹೆಚ್ಚಾದ್ದರಿಂದ ಮ್ಯಾನೇಜರು ಅದರಲ್ಲೊಂದರ ಹೆಸರು ಕತ್ತರಿಸಿ, ಆ ಜಾಗವನ್ನು ಖಾಲಿ ಬಿಟ್ಟು, ಬೇಕಾದವರು ಬಳಸಿಕೊಳ್ಳಲಿ ಎಂದು ವಾಟ್ಸಾಪಿನಲ್ಲಿ ಹಾಕಿದರು. ಎಲ್ಲರಿಗೂ ಒದಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಕಿದರು.

ಸಂಕ್ರಾಂತಿಗೆ ಮುಂಚೆ ವೆಂಕಟಲಕ್ಷ್ಮಮ್ಮ ತೀರಿಕೊಂಡರು. ಕೆಮ್ಮು ಎದೆಗೆ ಇಳಿದಿತ್ತಂತೆ. ಸುದ್ದಿ ತಿಳಿದು ನಾನೂ ಇಮ್ರಾನೂ ಹೋದೆವು. ಮಳೆ ನಿಂತು ಚಳಿ ಬಿದ್ದಿತ್ತು. ಬೀದಿಯ ಮಗ್ಗಗಳೆಲ್ಲ ಅಂದು ಸುಮ್ಮನಿದ್ದವು. ಪದ್ಮಾವತಿ ತಾಯಿಯ ತಲೆಯ ಹತ್ತಿರ ಕೂತಿದ್ದಳು, ಕಣ್ಣು ಒಣಗಿತ್ತು. ಸುತ್ತಲಿನ ಹೆಂಗಸರು "ಅಳವ್ವ, ಬಾಯಿಬಿಟ್ಟು ಅಳು, ನಿನಗೇನು ಹೇಳಿಕೊಡಬೇಕಾ?" ಎಂದು ಬೆನ್ನು ಸವರುತ್ತಿದ್ದರು. ಅವಳು ಒಂದೆರಡು ಸಲ ಬಾಯಿ ತೆರೆದಳು. ಏನೂ ಬರಲಿಲ್ಲ.

ಮುಕ್ತಿ ವಾಹನ ಬಂತು. ಹಿಂದೆ ಹೂವಿನ ಹಾರ, ಮುಂದೆ ಸ್ಪೀಕರು. ಡ್ರೈವರು ಇಳಿಯುವ ಮೊದಲೇ ವಾಟ್ಸಾಪಿನ ಆ ಅಳುವನ್ನು ಹಾಕಿದ್ದ. ಉರುಮೆ ಇಲ್ಲ, ಗಿಟಾರಿಲ್ಲ, ಅವಳ ದನಿಯೊಂದೇ ಬೀದಿ ತುಂಬಿಕೊಂಡಿತು. ಇಮ್ರಾನ್ ಓಡಿಹೋಗಿ ಕಿಟಕಿ ಬಡಿದ.

"ಆರಿಸು ಭಾಯ್ ಅದನ್ನ."

"ಯಾಕಣ್ಣ? ಈ ಕಡೆ ಇದಿಲ್ಲದೆ ಯಾರೂ ಹೆಣ ಎತ್ತಲ್ಲ ಈಗ. ಯಾರೋ ಪುಣ್ಯಾತ್ಗಿತ್ತಿ, ಕಲ್ಲೂ ಕರಗೋ ಹಂಗೆ ಅಳ್ತಾಳೆ. ಕೇಳಿ ಬ್ಯಾಡ ಅಂದೋರು ಒಬ್ರೂ ಇಲ್ಲ," ಎಂದ ಡ್ರೈವರು. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಪದ್ಮಾವತಿ ಎದ್ದು ಬಂದಳು. ಅವಳೇ ಆರಿಸಿಬಿಡುತ್ತಾಳೆ, ಇಲ್ಲವೇ ಇದು ನನ್ನ ದನಿ ಎಂದು ಹೇಳುತ್ತಾಳೆ ಎಂದು ನಾನು ಕಾದೆ. ಅವಳು ವ್ಯಾನಿನ ಬಾಗಿಲು ಹಿಡಿದು ಸ್ವಲ್ಪ ಹೊತ್ತು ಕೇಳುತ್ತಾ ನಿಂತಳು. ಒಳಗೆ ಹೆಂಗಸರು ಆ ದನಿ ಕೇಳಿಯೇ ಗೊಳೋ ಎಂದು ಅಳಲು ಶುರು ಮಾಡಿದ್ದರು. ಹೆಸರು ಕತ್ತರಿಸಿದ ಖಾಲಿ ಜಾಗ ಬಂದಾಗ ಡ್ರೈವರು ಮೈಕನ್ನು ಕೈಗೆತ್ತಿಕೊಂಡು ಹೆಸರೇನು ಎಂಬಂತೆ ಅವಳ ಮುಖ ನೋಡಿದ.

"ವೆಂಕಟಲಕ್ಷ್ಮಮ್ಮ," ಎಂದಳು. "ಪೂರ್ತಿ ಹೇಳ್ರಿ ಅಣ್ಣ. ಅರ್ಧ ಹೇಳಬ್ಯಾಡ್ರಿ."

ಅವನು ಪೂರ್ತಿ ಹೇಳಿದ. ವ್ಯಾನು ಹೊರಟಿತು. ಹೆಂಗಸರು ಬೀದಿಯ ತುದಿಯ ತನಕ ಮಾತ್ರ ಹೋಗುವುದು ಅಲ್ಲಿಯ ಪದ್ಧತಿ. ಪದ್ಮಾವತಿ ಅಲ್ಲಿಯ ತನಕ ನಡೆದು ನಿಂತಳು. ಅವಳ ದನಿ ಮಾತ್ರ ತಾಯಿಯ ಜೊತೆ ಮುಂದಕ್ಕೆ ಹೋಯಿತು.